ಗೋಡೆ ಒದ್ದ ಮೇಲೆ ಎಷ್ಟು ಆಳ

ನಾನು ಈಜು ಕಲಿಸಿದ ಹುಡುಗಿಯರು ಏಳು ವರ್ಷ ಸೋತರು. ನಾನು ಕಲಿಸದೇ ಇದ್ದಿದ್ದರೆ ಅಷ್ಟು ಸೋಲುತ್ತಿರಲಿಲ್ಲ. ಈಗ ಈಜುಕೊಳದ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ನಮ್ಮ ಮನೆಗೆ ಬಂದು, "ದೇವಕ್ಕ, ನಿಮ್ಮ ಅನುಭವ ಹೇಳಿ" ಅನ್ನುತ್ತಾರೆ. ನನ್ನ ಅನುಭವ ಅಂದರೆ ಇದೇ. ಬಾಯಲ್ಲಿ ಹೇಳಿದರೆ ನಕ್ಕು, ಕಾಫಿ ಕುಡಿದು, ಮರೆತು ಹೋಗುತ್ತಾರೆ. ಅದಕ್ಕೆ ಬರೆದಿಡುತ್ತಿದ್ದೇನೆ. ನನ್ನ ಅಕ್ಷರ ದೊಡ್ಡದು, ಓದು ಚಿಕ್ಕದು. ಒತ್ತು ದೀರ್ಘ ತಪ್ಪಿದ್ದಲ್ಲಿ ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ಅವಳನ್ನು ಬಿಟ್ಟಿಲ್ಲ.

ನನ್ನ ತವರು ರಾವಂದೂರಿನ ಪಕ್ಕ. ನಮ್ಮ ಹೊಲದಲ್ಲಿ ಕಲ್ಲು ಕಟ್ಟಿದ ಬಾವಿ ಇತ್ತು. ನಮ್ಮಪ್ಪ ನನ್ನ ಬೆನ್ನಿಗೆ ಎರಡು ಒಣ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳಿದ. ಮೂರನೇ ದಿನ ಒಂದು ಬುರುಡೆ ಬಿಚ್ಚಿದ, ಆರನೇ ದಿನ ಇನ್ನೊಂದು. ನನ್ನ ತರಬೇತಿ ಅಲ್ಲಿಗೆ ಮುಗಿಯಿತು. ಮದುವೆಯಾಗಿ ಹುಣಸೂರಿಗೆ ಬಂದೆ. ಗಂಡ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಹೋಗುತ್ತಿದ್ದರು, ನಾನು ಕಡ್ಡಿಗೆ ಸೊಪ್ಪು ಕಟ್ಟಲು ಹೋಗುತ್ತಿದ್ದೆ. ತೊಂಬತ್ತರ ದಶಕ ಶುರುವಾದ ಕಾಲಕ್ಕೆ ಊರಾಚೆಯ ಒಂದು ವಸತಿ ಶಾಲೆಯವರು ಈಜುಕೊಳ ಕಟ್ಟಿಸಿದರು. ಹುಡುಗರು ಮೊದಲ ದಿನವೇ ಬಿದ್ದು ಹೊರಳಾಡಿದರು. ಹುಡುಗಿಯರ ಅಪ್ಪಂದಿರು ಮಾತ್ರ ಒಪ್ಪಲಿಲ್ಲ. "ಗಂಡಸ್ರ ಮುಂದೆ ನಮ್ ಮಕ್ಳು ನೀರಿಗಿಳಿಯಾದ್ ಬ್ಯಾಡ. ಒಬ್ಬ ಹೆಂಗಸ್ನ ನಿಲ್ಸಿ, ಆಮೇಕೆ ನೋಡಾನ" ಅಂದರು. ಹಾಗೆ ನಿಂತ ಹೆಂಗಸು ನಾನು.

ನನ್ನನ್ನು ಪರೀಕ್ಷೆ ಮಾಡಿದವರು ಪಿ.ಟಿ. ಮೇಷ್ಟ್ರು ನಿಂಗರಾಜು. ಕುತ್ತಿಗೆಯಲ್ಲಿ ಸೀಟಿ, ಕಂಕುಳಲ್ಲಿ ಈಜಿನ ಪುಸ್ತಕ.

"ಈಜು ಬರುತ್ತೇನಮ್ಮ?"

"ಬತ್ತದೆ."

"ಯಾವ ಈಜು? ಫ್ರೀಸ್ಟೈಲೋ, ಬ್ರೆಸ್ಟ್ ಸ್ಟ್ರೋಕೋ?"

"ಮುಳುಗ್ದಿರಾ ಈಜು ಸಾ."

ಮೇಷ್ಟ್ರು ನಕ್ಕರು. ಕೆಲಸ ಸಿಕ್ಕಿತು. ಹೆಸರಿಗೆ ಆಯಾ. ಟವೆಲ್ ಒಣಗಿಸುವುದು, ಕೊಳದಿಂದ ಎಲೆ ತೆಗೆಯುವುದು, ಹುಡುಗಿಯರ ಮೇಲೆ ಕಣ್ಣಿಡುವುದು. ಮೂರು ತಿಂಗಳಾದ ಮೇಲೆ ಒಂದು ದಿನ ಮೇಷ್ಟ್ರು ದಡದಲ್ಲಿ ನಿಂತು, ಕೈ ಹೀಗೆ ಬೀಸಬೇಕು ಎಂದು ತೋರಿಸುತ್ತಾ ತೋರಿಸುತ್ತಾ ಕಾಲು ಜಾರಿ ಆಳದ ಕಡೆ ಬಿದ್ದರು. ಬಿದ್ದವರು ಕೈ ಬೀಸಲಿಲ್ಲ. ಕಾಲೂ ಆಡಿಸಲಿಲ್ಲ. ನೇರವಾಗಿ ಇಳಿದರು. ಕಾಲರು ಹಿಡಿದು ಎಳೆದು ದಡಕ್ಕೆ ಹಾಕಿದೆ. ಎರಡು ನಿಮಿಷ ಕೆಮ್ಮಿದರು.

"ದೇವಮ್ಮ, ಯಾರ್ಗೂ ಹೇಳ್ಬೇಡಿ."

ನಾನು ಯಾರಿಗೂ ಹೇಳಲಿಲ್ಲ, ಅಡುಗೆಯ ಪುಟ್ಟಮ್ಮನಿಗೆ ಬಿಟ್ಟು. ಸಂಜೆಯೊಳಗೆ ಶಾಲೆಗೆಲ್ಲ ಗೊತ್ತಾಯಿತು. ಅಲ್ಲಿಂದ ಮುಂದೆ ನಮ್ಮ ಕೆಲಸ ಹೀಗೆ ಹಂಚಿಕೆಯಾಯಿತು: ಮೇಷ್ಟ್ರು ಪುಸ್ತಕ ಓದಿ ಹೇಳುವುದು, ನಾನು ನೀರಿಗಿಳಿದು ಮಾಡಿ ತೋರಿಸುವುದು. ಅವರಿಗೆ ಗೊತ್ತಿತ್ತು, ಮಾಡಲು ಬರುತ್ತಿರಲಿಲ್ಲ. ನನಗೆ ಮಾಡಲು ಬರುತ್ತಿತ್ತು, ಏನು ಮಾಡುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ಇಬ್ಬರೂ ಸೇರಿ ಒಬ್ಬ ಕೋಚ್ ಆಗುತ್ತೇವೆ ಎಂದು ಶಾಲೆಯವರು ಅಂದುಕೊಂಡರು.

ಮೊದಲ ಎರಡು ವರ್ಷ ನಮ್ಮ ಹುಡುಗಿಯರೆಲ್ಲ ತಲೆ ಮೇಲೆತ್ತಿಕೊಂಡು ಈಜಿದರು. ಬೇರೆ ಊರಿನ ಮಕ್ಕಳು ಮುಖ ನೀರಿಗೆ ಹಾಕಿ ಬಾಣದ ಹಾಗೆ ಹೋದರೆ ನಮ್ಮವರು ಕೆರೆ ದಾಟುವ ಎಮ್ಮೆಗಳ ಹಾಗೆ, ಕತ್ತು ನಿಗುರಿಸಿಕೊಂಡು, ಅತ್ತಿತ್ತ ನೋಡಿಕೊಂಡು ಬರುತ್ತಿದ್ದರು. ಕಲಿಸಿದ್ದು ನಾನೇ. ಬಾವಿಯಲ್ಲಿ ಈಜುವವರು ತಲೆ ಎತ್ತಲೇಬೇಕು. ಒಳ್ಳೆಹಾವು ಎದುರಿಗೆ ಬಂದರೆ ಕಾಣಬೇಕಲ್ಲ. ಟೈಲ್ಸ್ ಹಾಕಿದ ಕೊಳಕ್ಕೆ, ಔಷಧಿ ಕಲೆಸಿದ ನೀರಿಗೆ ಯಾವ ಹಾವು ಬರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಮೇಷ್ಟ್ರು ಒಂದು ದಿನ ಕೇಳಿಯೇ ಬಿಟ್ಟರು.

"ಯಾಕಮ್ಮಾ ಎಲ್ಲಾ ಹಿಂಗೆ ದಾರಿ ನೋಡ್ತಾ ಬರ್ತಾರೆ?"

"ಆವು ಬಂದ್ರೆ ಕಾಣ್ಬೇಕಲ್ಲಾ ಸಾ."

ಮೇಷ್ಟ್ರು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಆಕಾಶ ನೋಡಿದರು.

ಮುಖ ನೀರಿಗೆ ಹಾಕು ಅಂದರೆ ಹುಡುಗಿಯರು ಉಸಿರು ಬಿಗಿ ಹಿಡಿದುಕೊಳ್ಳುತ್ತಿದ್ದರು. ನಾಲ್ಕು ಕೈ ಹಾಕುವಷ್ಟರಲ್ಲಿ ಕೆನ್ನೆ ಊದಿ, ಕಣ್ಣು ಹೊರಗೆ ಬಂದು, ನಿಂತುಬಿಡುತ್ತಿದ್ದರು. ಉಸಿರನ್ನು ನೀರಿನೊಳಗೇ ಬಿಡಬೇಕು, ಮುಖ ಪಕ್ಕಕ್ಕೆ ತಿರುಗಿಸಿದಾಗ ಬರೀ ಎಳೆದುಕೊಳ್ಳಬೇಕು ಎಂದು ಪುಸ್ತಕದಲ್ಲಿತ್ತು. ಹೇಗೆ ಬಿಡುವುದು ಎಂದು ಇರಲಿಲ್ಲ. ಅದಕ್ಕೆ ನಾನು ಅಡುಗೆಮನೆಯಿಂದ ಊದುಗೊಳವೆ ತಂದು ಬಕೆಟ್ಟಿನ ನೀರಿಗೆ ಅದ್ದಿ ಊದಿಸಿದೆ. ಒಲೆ ಊದಿದವರಿಗೆ ಗೊತ್ತು, ಭುಸ್ಸೆಂದು ಒಮ್ಮೆಲೇ ಊದಿದರೆ ಬೂದಿ ಹಾರುತ್ತದೆ, ಬೆಂಕಿ ಹತ್ತುವುದಿಲ್ಲ. ಸಣ್ಣಗೆ, ಉದ್ದಕ್ಕೆ, ಬಿಡದೆ ಊದಬೇಕು. ಒಂದು ವಾರದಲ್ಲಿ ಹುಡುಗಿಯರಿಗೆ ಉಸಿರಾಟ ಬಂತು. ನಾನು ಕಲಿಸಿದ್ದರಲ್ಲಿ ಸರಿಯಾಗಿದ್ದದ್ದು ಬಹುಶಃ ಇದೊಂದೇ. ಊದುಗೊಳವೆ ಕಳೆದುಹೋಯಿತೆಂದು ಪುಟ್ಟಮ್ಮ ನನ್ನ ಮೇಲೆ ಒಂದು ತಿಂಗಳು ಸಿಟ್ಟಾಗಿದ್ದಳು.

ಆಮೇಲೆ ಬಂತು ಲಾಗ. ಕೊಳದ ತುದಿಗೆ ಹೋದವರು ಗೋಡೆ ಮುಟ್ಟಿ, ನಿಂತು, ಉಸಿರೆಳೆದು, ತಿರುಗುವುದಲ್ಲವಂತೆ. ಗೋಡೆಯ ಹತ್ತಿರ ನೀರಿನೊಳಗೇ ಲಾಗ ಹಾಕಿ, ಕಾಲಿನಿಂದ ಗೋಡೆ ಒದ್ದು, ಬಂದ ದಾರಿಯಲ್ಲೇ ಹೊರಡಬೇಕಂತೆ. ಮೇಷ್ಟ್ರು ಪುಸ್ತಕದ ಚಿತ್ರ ತೋರಿಸಿದರು. ಒಂದು, ಎರಡು, ಮೂರು, ನಾಲ್ಕು ಎಂದು ನಾಲ್ಕು ಮನುಷ್ಯರು ನಾಲ್ಕು ರೀತಿ ಮಡಿಸಿಕೊಂಡಿದ್ದರು. ಒಬ್ಬನೇ ಮನುಷ್ಯನ ನಾಲ್ಕು ಚಿತ್ರ ಎಂದು ನನಗೆ ಗೊತ್ತಾಗಲಿಲ್ಲ. ನಾಲ್ಕು ಜನ ಒಟ್ಟಿಗೆ ಮಾಡುವ ಕಸರತ್ತು ಅಂದುಕೊಂಡು ಮೂವರು ಹುಡುಗಿಯರನ್ನು ಜೊತೆಗೆ ಕರೆದೆ.

ಆಗ ನನಗೆ ನಲವತ್ತು ದಾಟಿತ್ತು. ಸೀರೆ ಬಿಟ್ಟು ಚೂಡಿದಾರ್ ಹಾಕಿಕೊಂಡು ಇಳಿದೆ. ಮೊದಲ ಲಾಗಕ್ಕೆ ಮೂಗಿನೊಳಗೆ ನೀರು ನುಗ್ಗಿ ನೆತ್ತಿಯವರೆಗೆ ಉರಿಯಿತು. ಎರಡನೆಯದಕ್ಕೆ ಹಿಮ್ಮಡಿ ಕೊಳದ ಅಂಚಿಗೆ ಬಡಿಯಿತು. ಮೂರನೆಯದು ಚೆನ್ನಾಗಿ ಬಂತು, ಆದರೆ ಗೋಡೆ ಎರಡು ಮಾರು ದೂರದಲ್ಲಿತ್ತು. ಒದ್ದ ಕಾಲಿಗೆ ನೀರು ಬಿಟ್ಟು ಏನೂ ಸಿಗಲಿಲ್ಲ. ದಡದಲ್ಲಿ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಮೂಗಿನಿಂದ ಸಣ್ಣಗೆ ಗುಂಯ್ ಅನ್ನುತ್ತಾ ತಿರುಗಿದರೆ ನೀರು ಒಳಗೆ ಬರುವುದಿಲ್ಲ ಎಂದು ಕಂಡುಕೊಳ್ಳಲು ನನಗೆ ಹದಿನೈದು ದಿನ ಬೇಕಾಯಿತು. ಅಷ್ಟು ದಿನವೂ ನನಗೆ ನೆಗಡಿ.

ಗೋಡೆ ಒದ್ದ ಮೇಲೆ ಕೂಡಲೇ ಕೈ ಬೀಸಬಾರದು. ಎರಡು ಕೈ ಮುಂದಕ್ಕೆ ಚಾಚಿ, ಅಂಗೈ ಮೇಲೆ ಅಂಗೈ ಇಟ್ಟು, ತೋಳಿನಿಂದ ಕಿವಿ ಒತ್ತಿ ಹಿಡಿದು, ನೀರಿನೊಳಗೇ ಜೋಡಿ ಕಾಲು ಒದೆಯುತ್ತಾ ಹೋಗಬೇಕು. ಮೀನಿನ ಒದೆತ. ಹುಡುಗಿಯರು ಮಂಡಿಯಿಂದ ಒದ್ದು ಸೈಕಲ್ ತುಳಿಯುತ್ತಿದ್ದರು. ಮಾತಿನಲ್ಲಿ ಹೇಳಿ ಸಾಕಾಗಿ ಒಂದು ದಿನ ಒದ್ದೆ ಸೀರೆ ತಂದು, ಒಂದು ತುದಿ ಹಿಡಿದು, ಹಿಂಡಿ ಕೊಡವಿ ತೋರಿಸಿದೆ. ಕೈ ಹತ್ತಿರ ಸಣ್ಣ ಅಲೆ, ಅದು ಹೋಗುತ್ತಾ ಹೋಗುತ್ತಾ ತುದಿಯಲ್ಲಿ ಪಟಾರ್ ಎಂದು ಬಡಿಯುತ್ತದೆ. "ನಿಮ್ ಸೊಂಟ ನನ್ ಕೈ, ನಿಮ್ ಪಾದ ಸೆರಗು" ಅಂದೆ. ಅರ್ಥವಾಯಿತು. ಇದನ್ನೂ ಸರಿಯಾಗಿ ಕಲಿಸಿದೆ ಅಂತಿಟ್ಟುಕೊಳ್ಳಿ. ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಬಾವಿಯ ಗೋಡೆಯಿಂದ ಮೆಟ್ಟಿಲಿಗೆಂದು ಚಪ್ಪಡಿ ಕಲ್ಲುಗಳು ಚಾಚಿಕೊಂಡಿದ್ದವು. ಬಾವಿ ತುಂಬಿದಾಗ ಅವು ನೀರಿನ ಕೆಳಗೆ ಒಂದು ಮೊಳದಲ್ಲಿ ಇರುತ್ತಿದ್ದವು, ಕಾಣುತ್ತಿರಲಿಲ್ಲ. ಈ ಗೋಡೆ ಒದ್ದು ನೇರವಾಗಿ ಹೋದರೆ ಆ ಗೋಡೆಯ ಕಲ್ಲಿಗೆ ಹಣೆ. ನನ್ನ ಚಿಕ್ಕಪ್ಪನ ಮಗನ ಎರಡು ಹಲ್ಲು ಹಾಗೇ ಹೋದವು. ಅದಕ್ಕೆ ನಮ್ಮಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು ಒಂದೇ: ಗೋಡೆ ಒದ್ದರೆ ಕೆಳಕ್ಕೆ ಹೋಗು, ಕಲ್ಲಿನ ಅಡಿಯಲ್ಲಿ ಹಾದು ಮೇಲೆ ಬಾ, ಬಂದ ಕೂಡಲೇ ಬಾಯಿ ತುಂಬ ಉಸಿರು ತಗೋ. ನಾನು ಅದನ್ನೇ ಹುಣಸೂರಿನ ಕೊಳಕ್ಕೆ ತಂದೆ. "ಆಳಕ್ಕೋಗಿ, ಆಳಕ್ಕೆ!" ಎಂದು ದಡದಲ್ಲಿ ನಿಂತು ವರ್ಷಗಟ್ಟಲೆ ಕೂಗಿದೆ. ಇದು ಬಾವಿಯ ಬುದ್ಧಿ ಎಂದು ನನಗೇ ಗೊತ್ತಿರಲಿಲ್ಲ. ನೀರಿನ ಬುದ್ಧಿ ಅಂದುಕೊಂಡಿದ್ದೆ.

ಮೇಷ್ಟ್ರಿಗೂ ಗೊತ್ತಾಗಲಿಲ್ಲ. ಎಷ್ಟು ಆಳದಲ್ಲಿ ಹೋಗಬೇಕು ಎಂಬ ಪುಟ ಅವರ ಪುಸ್ತಕದಲ್ಲಿ ಹರಿದುಹೋಗಿತ್ತೋ, ಅವರೇ ಓದಿರಲಿಲ್ಲವೋ, ನಾನು ಕೇಳಲಿಲ್ಲ. ಪಂದ್ಯದಲ್ಲಿ ನಮ್ಮ ಹುಡುಗಿಯರು ಗೋಡೆಯವರೆಗೆ ಮುಂದಿರುತ್ತಿದ್ದರು. ತಿರುಗಿದ ಮೇಲೆ ಹಿಂದೆ. ಪ್ರತಿ ತಿರುವಿಗೂ ಹೀಗೆ. ಮೇಷ್ಟ್ರು ಊಟದಲ್ಲಿ ಕಸುವಿಲ್ಲ ಎಂದು ಮೊಟ್ಟೆ ಕೊಡಿಸಿದರು. ನಾನು ಹುಡುಗಿಯರಿಗೇ ಬೈದೆ. "ಗ್ವಾಡೆ ಕಂಡ್ರೆ ಸುಸ್ತಾಯ್ತದೇನ್ರೇ ನಿಮ್ಗೆ? ಇನ್ನೂ ಆಳಕ್ಕೋಗಿ!" ಅವರು ಇನ್ನೂ ಆಳಕ್ಕೆ ಹೋದರು. ಇನ್ನೂ ಚೆನ್ನಾಗಿ ಸೋತರು.

ಇದರ ನಡುವೆ ಇನ್ನೊಂದು ಪೆದ್ದುತನ ಮಾಡಿದೆ. ಇದನ್ನು ಹೊಸಬರು ಸರಿಯಾಗಿ ಓದಿ. ಹುಡುಗಿಯರ ಉಸಿರು ಗಟ್ಟಿಯಾಗಲೆಂದು ಮುಳುಗಿಕೊಂಡು ಇರುವ ಪಂದ್ಯ ಇಟ್ಟೆ. ನಾನೇ ಗೆಲ್ಲಬೇಕು ಎಂಬ ಹಟಕ್ಕೆ ಮೊದಲು ಹತ್ತಿಪ್ಪತ್ತು ಸಲ ಜೋರು ಜೋರಾಗಿ ಉಸಿರಾಡಿ, ಆಮೇಲೆ ಮುಳುಗಿ, ಕೊಳದ ಆ ತುದಿಯಿಂದ ಈ ತುದಿಗೆ ನೀರಿನೊಳಗೇ ಹೊರಟೆ. ಮುಕ್ಕಾಲು ದೂರದವರೆಗೆ ನೆನಪಿದೆ. ಸುಖವಾಗಿತ್ತು. ಉಸಿರು ಬೇಕು ಅಂತಲೇ ಅನ್ನಿಸಲಿಲ್ಲ. ಕಣ್ಣು ಬಿಟ್ಟಾಗ ದಡದಲ್ಲಿ ಮಲಗಿದ್ದೆ, ಇಬ್ಬರು ಹುಡುಗಿಯರು ನನ್ನ ಜಡೆ ಹಿಡಿದುಕೊಂಡು ಅಳುತ್ತಿದ್ದರು. ಜಡೆಯಿಂದಲೇ ಎಳೆದು ತಂದಿದ್ದರು. ನೀರಿನೊಳಗೆ ಪ್ರಾಣ ಹೋಗುವಾಗ ಕಷ್ಟವಾಗುವುದಿಲ್ಲ, ಅದೇ ಅದರ ಮೋಸ. ಆವತ್ತಿನಿಂದ ಉಸಿರು ಕಟ್ಟುವ ಪಂದ್ಯ ಎಂದವರ ಕಿವಿ ಹಿಂಡಿದ್ದೇನೆ. ಮೇಷ್ಟ್ರಿಗೆ ನಾನು, "ಯಾರ್ಗೂ ಏಳ್ಬ್ಯಾಡಿ ಸಾ" ಅಂದೆ. ಅವರು ಯಾರಿಗೂ ಹೇಳಲಿಲ್ಲ. ಪುಟ್ಟಮ್ಮ ದಡದಲ್ಲೇ ಇದ್ದಳು, ಹೇಳುವ ಅಗತ್ಯ ಬೀಳಲಿಲ್ಲ.

ಮಂಗಳ ನಮ್ಮ ಕೊಳಕ್ಕೆ ಬಂದಾಗ ಐದನೇ ತರಗತಿ. ಎಚ್.ಡಿ. ಕೋಟೆ ಕಡೆ, ಹಂಪಾಪುರದ ಆಚೆಯ ಒಂದು ಸಣ್ಣ ಊರಿನವಳು. ಉದ್ದ ಕೈ, ಕಡ್ಡಿ ಕಾಲು, ಮಾತು ಕಮ್ಮಿ. ನೀರಿಗೆ ಬಿದ್ದರೆ ಬೇರೆ ಜೀವ. ಏಳನೇ ತರಗತಿಗೆ ಬರುವ ಹೊತ್ತಿಗೆ ಅವಳ ಜೊತೆ ಈಜುವವರು ನಮ್ಮಲ್ಲಿ ಯಾರೂ ಉಳಿಯಲಿಲ್ಲ. ನಮ್ಮ ಶಾಲೆ ಇದ್ದದ್ದೇ ಏಳರವರೆಗೆ. ಮುಂದೆ ಈಜಬೇಕೆಂದರೆ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆಯಾಗಬೇಕು. ಮೈಸೂರಿನಲ್ಲಿ ಆಯ್ಕೆ, ಇನ್ನೂರು ಮೀಟರ್ ಫ್ರೀಸ್ಟೈಲಿನಲ್ಲಿ ಮೊದಲ ಇಬ್ಬರಿಗೆ ಜಾಗ.

ಅವಳಪ್ಪ ಕಾಳೇಗೌಡರು ಹತ್ತಿ ಬೆಳೆಯುವವರು. ತಿಂಗಳಿಗೊಮ್ಮೆ ಮಗಳನ್ನು ನೋಡಲು ಬಂದಾಗ ಕೊಳದ ಬೇಲಿ ಹಿಡಿದುಕೊಂಡು ನಿಲ್ಲುತ್ತಿದ್ದರು. ಆಯ್ಕೆಗೆ ಆರು ವಾರ ಇದೆ ಅನ್ನುವಾಗ ನನ್ನ ಹತ್ತಿರ ಬಂದರು.

"ನೋಡವ್ವ, ತಗೊಂಡ್ರೆ ಆಸ್ಟ್ಲಿಗೆ ಓಗ್ಲಿ, ನಾ ಬ್ಯಾಡ ಅನ್ನಾಕಿಲ್ಲ. ತಗೊನ್ನಿಲ್ಲ ಅಂದ್ರೆ ಅಂಪಾಪುರದಲ್ಲೇ ಎಂಟ್ನೇ ಕ್ಲಾಸ್ಗೆ ಸೇರುಸ್ತೀನಿ. ಈಜು ಗೀಜು ಅಲ್ಲಿಗ್ ಮುಗೀತು. ಅಂಗೂ ಇಲ್ಲ ಇಂಗೂ ಇಲ್ಲ ಅಂತ ಅದ್ರ ಇಂದೆ ಅಲೆಯಾದ್ ಬ್ಯಾಡ."

ನ್ಯಾಯದ ಮಾತು. ನಾನು ತಲೆ ಆಡಿಸಿದೆ. ಅಪ್ಪ ಹೋದ ಮೇಲೆ ಮಂಗಳ ನೀರಿಗಿಳಿದು, ಕತ್ತಲಾಗುವವರೆಗೆ ಮೇಲೆ ಬರಲಿಲ್ಲ.

ಅದೇ ವಾರ ಶಾಲೆಯ ವಾರ್ಷಿಕೋತ್ಸವ. ಕೆ.ಆರ್. ನಗರದಿಂದ ಮದುವೆ ವಿಡಿಯೋ ತೆಗೆಯುವ ಮಂಜ ಬಂದಿದ್ದ. ಮೇಷ್ಟ್ರು, "ಈಜೂ ಒಂದಿಷ್ಟು ತೆಗಿಯಪ್ಪಾ" ಅಂದರು. ಮಂಜ ಕ್ಯಾಮೆರಾ ಹೊತ್ತುಕೊಂಡು ಡೈವಿಂಗ್ ಹಲಗೆಯ ತುದಿಗೆ ಹತ್ತಿ ನಿಂತು, ಮೇಲಿನಿಂದ ತೆಗೆದ. ಮಾರನೇ ವಾರ ಕ್ಯಾಸೆಟ್ ತಂದ. ಊಟದ ಹಾಲಿನಲ್ಲಿ ಟಿ.ವಿ. ಇಟ್ಟು ಎಲ್ಲರೂ ನೆಲದ ಮೇಲೆ ಕೂತೆವು. ಪುಟ್ಟಮ್ಮ ಸೊಪ್ಪು ಬಿಡಿಸುತ್ತಾ ಕೂತಳು. ಮಂಜ ಅಭ್ಯಾಸಬಲದಿಂದ ಮದುವೆ ಕ್ಯಾಸೆಟ್ಟಿನ ಹಾಗೇ ಮಾಡಿದ್ದ. ಆರಂಭದಲ್ಲಿ ಗುಲಾಬಿ ಹೂವು ಅರಳಿತು, ಹೃದಯದ ಆಕಾರದೊಳಗೆ ನಿಂಗರಾಜು ಮೇಷ್ಟ್ರು ಸೀಟಿ ಊದುತ್ತಾ ಕಂಡರು, ಹಿಂದೆ ನಾದಸ್ವರ. ಆಮೇಲೆ ತಾಳಿ ಕಟ್ಟುವಾಗ ನಿಧಾನ ಮಾಡಿ ತೋರಿಸುತ್ತಾರಲ್ಲ, ಹಾಗೆ ಹುಡುಗಿಯರು ಗೋಡೆ ಹತ್ತಿರ ಲಾಗ ಹಾಕುವುದನ್ನು ನಿಧಾನ ಮಾಡಿದ್ದ.

ಎರಡು ಸಾಲು ಕಾಣುತ್ತಿದ್ದವು. ಒಂದರಲ್ಲಿ ಮಂಗಳ. ಇನ್ನೊಂದರಲ್ಲಿ ಕೊಪ್ಪದಿಂದ ಬಂದಿದ್ದ ಸುಮ ಎಂಬ ಕುಳ್ಳಿ. ಅವಳು ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಆಳಕ್ಕೆ ಹೋಗಲು ಹೆದರಿ ಅಳುತ್ತಾಳೆ ಎಂದು ನಾನು ಅವಳನ್ನು ಬೈದು ಬೈದು ಕೈಬಿಟ್ಟಿದ್ದೆ. ಮಂಗಳ ಒಂದು ಮಾರು ಮುಂದೆ ಬಂದು ಗೋಡೆ ಮುಟ್ಟಿದಳು. ಲಾಗ ಹಾಕಿದಳು. ಕಾಣೆಯಾದಳು.

"ಅಯ್ಯೋ ಶಿವನೇ, ಎಲ್ಲೋದ್ಲು?" ಪುಟ್ಟಮ್ಮ ಸೊಪ್ಪು ಬಿಟ್ಟಳು.

ನೀರಿನ ತಳದಲ್ಲಿ ಒಂದು ಕಪ್ಪು ನೆರಳು ಹೋಗುತ್ತಿತ್ತು. ಆ ಹೊತ್ತಿಗೆ ಕುಳ್ಳಿ ಸುಮ ಬಂದು, ಅಂಕುಡೊಂಕಾಗಿ ತಿರುಗಿ, ಗೋಡೆ ಒದ್ದು, ನೀರಿನ ಮೈಗೆ ಅಂಟಿದ ಹಾಗೆ ನೇರ ಹೋಗಿ, ಎದ್ದು ಕೈ ಬೀಸತೊಡಗಿದ್ದಳು. ನೆರಳು ಇನ್ನೂ ಏಣಿ ಹತ್ತುವವರ ಹಾಗೆ ಮೇಲೆ ಬರುತ್ತಿತ್ತು. ಎದ್ದ ಮಂಗಳ ಮೊದಲ ಕೈಗೇ ಮುಖ ತಿರುಗಿಸಿ ಬಾಯಿ ಅಗಲಿಸಿದಳು. ಅಲ್ಲೇ ಅವಳ ಓಟ ನಿಂತಿತು. ಸುಮ ಅವಳಿಗಿಂತ ಅರ್ಧ ಮಾರು ಮುಂದಿದ್ದಳು.

"ಇನ್ನೊಂದ್ ಸಲ ಆಕು ಮಂಜ" ಅಂದೆ.

ಐದು ಸಲ ಹಾಕಿಸಿದೆ. ಐದು ಸಲವೂ ಮಂಗಳ ಮುಳುಗಿದಳು. ಮಂಗಳ ನನ್ನ ಕಡೆ ತಿರುಗಿದಳು.

"ನಾನು ತೆಪ್ ಮಾಡ್ತಿವ್ನಾ ದೇವಕ್ಕ? ನೀವೇ ಅಲ್ವಾ ಆಳಕ್ಕೋಗು ಅಂದಿದ್ದು?"

"ತೆಪ್ ನಿಂದಲ್ಲ ಕಣವ್ವ. ನಂದು."

ಇಷ್ಟು ಹೇಳುವುದು ಸುಲಭವಾಗಿರಲಿಲ್ಲ. ಏಳು ವರ್ಷದಲ್ಲಿ ಎಷ್ಟು ಹುಡುಗಿಯರಿಗೆ ಸೋಮಾರಿ ಎಂದು ಬೈದಿದ್ದೆ ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ. ಮೇಷ್ಟ್ರು ಹೊರಗೆ ಬಂದು ಮೆಲ್ಲಗೆ, "ನಾನೂ ನೋಡ್ಬೇಕಿತ್ತು ದೇವಮ್ಮ" ಅಂದರು. ನೋಡಬೇಕಿತ್ತು, ಹೌದು. ದಡದ ಮೇಲೆ ನಿಂತು ಮಾಡುವ ಕೆಲಸ ಅದೊಂದೇ ಅವರಿಗೆ ಇದ್ದದ್ದು. ಆದರೆ ಹಾಗೆ ಅನ್ನಲಿಲ್ಲ.

ಕಲಿಸುವುದು ಕಷ್ಟ ಅಂದುಕೊಂಡಿದ್ದೆ. ಕಲಿಸಿದ್ದನ್ನು ಬಿಡಿಸುವುದು ಅದಕ್ಕಿಂತ ಕಷ್ಟ. ಮಂಗಳನಿಗೆ ತಲೆಯಲ್ಲಿ ಅರ್ಥವಾಯಿತು, ಮೈಗೆ ಆಗಲಿಲ್ಲ. ಗೋಡೆಗೆ ಕಾಲು ತಾಗಿದ ತಕ್ಷಣ ಮೂತಿ ಕೆಳಗೆ ಮಾಡಿ ಹೊರಡುತ್ತಿದ್ದಳು. ಮೇಷ್ಟ್ರು ಆಣೆ ಹಾಕಿಸಿದರು, ಸೀಟಿ ಊದಿದರು. ನೀರಿನೊಳಗೆ ಯಾವುದು ಕೇಳುತ್ತದೆ?

ಕಡೆಗೆ ನಾನು ಕೊಳದ ಅಡ್ಡಕ್ಕೆ, ಗೋಡೆಯಿಂದ ಎರಡು ಮಾರು ದೂರದಲ್ಲಿ, ಎರಡೂ ಕಡೆಯ ಏಣಿಗಳಿಗೆ ಒಂದು ತೆಂಗಿನ ನಾರಿನ ಹಗ್ಗ ಕಟ್ಟಿದೆ. ನೀರಿನ ಕೆಳಗೆ ಒಂದೂವರೆ ಮೊಳದಲ್ಲಿ. "ಅಗ್ಗದ ಮ್ಯಾಲೆ ಓಗ್ಬೇಕು. ಕೆಳೀಕೋದ್ರೆ ಕುತ್ತಿಗೆಗೆ ಸಿಕ್ಕಾಕೊತ್ತದೆ" ಅಂದೆ. ಮೊದಲ ದಿನ ಕೆಳಗೆ ಹೋಗಿ ಬೆನ್ನು ತರಚಿಕೊಂಡಳು. ಎರಡನೇ ದಿನ ಮೇಲೆ ಹೋಗಿ ಹೊಟ್ಟೆ ತರಚಿಕೊಂಡಳು. ಮೂರನೇ ದಿನ ನಾನು ಹಗ್ಗ ಬಿಚ್ಚಿ ನನ್ನ ಹಳೇ ಸೀರೆಯೊಂದನ್ನು ಹುರಿಮಾಡಿ ಕಟ್ಟಿದೆ. ಹಸಿರು ಸೀರೆ, ನೀರಿನಲ್ಲಿ ಬಣ್ಣ ಬಿಟ್ಟುಕೊಂಡು ಕೊಳವೆಲ್ಲ ಪಾಚಿ ಕಟ್ಟಿದ ಹಾಗೆ ಕಂಡು, ಶಾಲೆಯವರು ನೀರು ಬದಲಾಯಿಸಲು ಹೇಳಿದರು. ಬೈಸಿಕೊಂಡೆ. ಬಿಳಿ ಪಂಚೆ ಕಟ್ಟಿದೆ.

ಉಸಿರಿನದು ಇನ್ನೊಂದು ಜಗಳ. ಎದ್ದ ಮೇಲೆ ಎರಡು ಕೈ ಹಾಕುವವರೆಗೆ ಮುಖ ತಿರುಗಿಸಬಾರದು, ಓಟ ಹಿಡಿದ ಮೇಲೆ ಉಸಿರು. ಮಂಗಳ ಒಪ್ಪಲಿಲ್ಲ.

"ಆಗಕಿಲ್ಲ ದೇವಕ್ಕ. ಎದೆ ಇಡ್ಕತ್ತದೆ. ಸಾಯ್ತೀನಿ ಅನ್ನುಸ್ತದೆ."

"ಎರಡು ಕೈ ಆಕೋವಷ್ಟ್ರಲ್ಲಿ ಯಾರೂ ಸಾಯಾಕಿಲ್ಲ ಕಣೇ. ಸಾಯಂಗೆ ಮುಳುಗಿದ್ ನಾನೇ ಬದುಕಿವ್ನಿ."

ನಕ್ಕಳು. ನಕ್ಕಿದ್ದಕ್ಕೇ ಒಂದಿಷ್ಟು ಸಡಿಲವಾದಳು. ಅವಳ ಜೊತೆ ನೀರಿಗಿಳಿದು ನೋಡಿದಾಗ ಗೊತ್ತಾಯಿತು, ಅವಳು ಗೋಡೆ ಒದ್ದ ಮೇಲೆ ಉಸಿರನ್ನು ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಗುಳ್ಳೆಯೇ ಬರುತ್ತಿರಲಿಲ್ಲ. ಉಸಿರು ಸಾಲದೆ ಎದೆ ಹಿಡಿಯುತ್ತಿರಲಿಲ್ಲ, ಹಳೇ ಉಸಿರು ಹೊರಗೆ ಹೋಗದೆ ಹಿಡಿಯುತ್ತಿತ್ತು. ಒದೆತ ಒಂದು, ಎರಡು, ಮೂರು, ನಾಲ್ಕು, ಅಷ್ಟೂ ಹೊತ್ತು ಮೂಗಿನಿಂದ ಸಣ್ಣಗೆ ಗುಂಯ್ ಅನ್ನು ಎಂದೆ. ಆಮೇಲೆ ನಾವಿಬ್ಬರೂ ದಿನವೂ ಎರಡು ದುಂಬಿಗಳ ಹಾಗೆ ನೀರಿನೊಳಗೆ ಗುಂಯ್‌ಗುಟ್ಟುತ್ತಾ ಓಡಾಡಿದೆವು. ನಾಲ್ಕನೇ ವಾರ ಪಂಚೆ ಬಿಚ್ಚಿದೆ. ಮಂಗಳ ಗೋಡೆ ಒದ್ದು, ಪಂಚೆ ಇದ್ದ ಜಾಗದ ಮೇಲೆ ಹಾದು, ಎದ್ದು, ಎರಡು ಕೈ ಹಾಕಿ, ಆಮೇಲೆ ಉಸಿರೆಳೆದಳು. ಹತ್ತರಲ್ಲಿ ಎಂಟು ಸಲ. ಇನ್ನೆರಡು ಸಲ ಸುಸ್ತಾದಾಗ ಹಳೇ ದಾರಿ ಹಿಡಿಯುತ್ತಿದ್ದಳು. ಆ ಎರಡು ಸಲ ಆಯ್ಕೆಯ ದಿನ ಬರದಿರಲಿ ಎಂದು ಮೇಷ್ಟ್ರು ಚಾಮುಂಡಿಗೆ ಹರಕೆ ಹೊತ್ತರು.

ಮೈಸೂರಿನ ಕೊಳ ನಮ್ಮದರ ಎರಡರಷ್ಟು ಉದ್ದ. ಮಂಗಳ ಅದನ್ನು ನೋಡಿ ಒಂದೇ ಮಾತು ಅಂದಳು: "ಗ್ವಾಡೆ ಎಲ್ ಐತೆ?" ಇನ್ನೂರು ಮೀಟರ್ ಅಂದರೆ ನಾಲ್ಕು ಉದ್ದ, ಮೂರು ತಿರುವು. ಎಂಟು ಹುಡುಗಿಯರು. ಮೇಷ್ಟ್ರು ಸ್ಟಾಪ್‌ವಾಚ್ ಹಿಡಿದು ಹೊರಡುವ ತುದಿಯಲ್ಲಿ ನಿಂತರು. ನಾನು ಎದುರು ತುದಿಯಲ್ಲಿ, ಕೊನೆಯ ತಿರುವು ಬರುವ ಗೋಡೆಯ ಹತ್ತಿರ ನಿಂತೆ. ಕಾಳೇಗೌಡರು ಹಂಪಾಪುರದಿಂದ ಬೆಳಗಿನ ಬಸ್ಸಿಗೆ ಬಂದು ನನ್ನ ಪಕ್ಕ ನಿಂತರು.

ಮೊದಲ ತಿರುವು ನನ್ನ ಕಾಲ ಬುಡದಲ್ಲೇ. ಮಂಗಳ ಐದನೆಯವಳಾಗಿ ಬಂದಳು, ಲಾಗ ಹಾಕಿ, ನೀರಿನ ಮೈಯ ಕೆಳಗೇ ಸರಿದು, ನಾಲ್ಕನೆಯವಳಾಗಿ ಎದ್ದಳು. ಎರಡನೇ ತಿರುವು ಆ ಕಡೆ, ನನಗೆ ಸರಿಯಾಗಿ ಕಾಣಲಿಲ್ಲ. ತಿರುಗಿ ಬರುವಾಗ ಮೂರನೆಯವಳು. ಅವಳ ಮುಂದೆ ಇಬ್ಬರು, ಅದರಲ್ಲಿ ಎರಡನೆಯವಳು ಅರ್ಧ ಮಾರು ದೂರದಲ್ಲಿ. ಮಂಗಳನ ಕೈ ಭಾರವಾಗಿತ್ತು. ನೀರಿಗೆ ಬೀಳುತ್ತಿತ್ತೇ ಹೊರತು ಹೊಗುತ್ತಿರಲಿಲ್ಲ. ಸುಸ್ತಾಗಿದ್ದಳು. ಹತ್ತರಲ್ಲಿ ಎರಡು ಸಲ ಎಂದೆನಲ್ಲ, ಅದೇ ಸುಸ್ತು.

ಅವಳ ತಲೆ ಗೋಡೆ ಹತ್ತಿರ ಬಂತು. ಬಾಯಿ ಬಿಟ್ಟು ಕೂಗಿದೆ. ಅಷ್ಟು ಜೋರಾಗಿ ಜೀವಮಾನದಲ್ಲಿ ಕೂಗಿಲ್ಲ.

"ಆಳಕ್ಕೋಗು ಮಂಗ್ಳಾ! ಆಳಕ್ಕೆ!"

ಬಾಯಿಂದ ಹೊರಟ ಮೇಲೆ ನನ್ನ ಕಿವಿಗೆ ಕೇಳಿಸಿತು. ಎರಡು ಕೈಯಿಂದ ಬಾಯಿ ಮುಚ್ಚಿಕೊಂಡೆ. ಐದು ವಾರ ಬಿಡಿಸಿದ್ದನ್ನು ಒಂದು ಗಳಿಗೆಯಲ್ಲಿ ಕೂಗಿ ಮತ್ತೆ ಕಟ್ಟಿಬಿಟ್ಟೆನಲ್ಲ!

ಮಂಗಳ ಲಾಗ ಹಾಕಿದಳು. ಪಾದ ಗೋಡೆಗೆ ಕೂತವು. ಒಂದು ಗಳಿಗೆ ಅವಳು ಯಾವ ಕಡೆ ಹೋಗುತ್ತಾಳೆ ಎಂದು ನನಗೆ ಗೊತ್ತಾಗಲಿಲ್ಲ. ಆಮೇಲೆ ಅವಳ ಬೆನ್ನು ನೀರಿನ ಮೈಯ ಕೆಳಗೆ, ಒಂದು ಮೊಳದಲ್ಲಿ, ಸ್ಪಷ್ಟವಾಗಿ ಕಂಡಿತು. ಒಂದು, ಎರಡು, ಮೂರು, ನಾಲ್ಕು. ಮೂಗಿನಿಂದ ಸಣ್ಣ ಗುಳ್ಳೆಗಳು ಸಾಲಾಗಿ ಬಂದವು. ಎದ್ದಳು. ಒಂದು ಕೈ. ಎರಡು ಕೈ. ಮುಖ ತಿರುಗಿಸಿದಳು. ಎರಡನೆಯವಳು ಅವಳ ಪಕ್ಕದಲ್ಲಿದ್ದಳು, ಮುಂದೆ ಇರಲಿಲ್ಲ. ಅಲ್ಲಿಂದ ಆ ತುದಿಯವರೆಗೆ ಇಬ್ಬರೂ ಒಬ್ಬರನ್ನೊಬ್ಬರು ಬಿಡದೆ ಹೋದರು. ಯಾರ ಕೈ ಮೊದಲು ಮುಟ್ಟಿತು ಎಂದು ನನಗೆ ಕಾಣಲಿಲ್ಲ. ಮೇಷ್ಟ್ರು ಸೀಟಿ, ವಾಚು ಎಲ್ಲ ಬಿಟ್ಟು ಎರಡು ಬೆರಳು ಮೇಲೆತ್ತಿ ಕುಣಿಯುವುದು ಕಂಡಿತು.

ನಾನು, ಕಾಳೇಗೌಡರು ಆ ತುದಿಗೆ ಓಡುವಷ್ಟರಲ್ಲಿ ಮಂಗಳ ಮೇಲೆ ಬಂದಿದ್ದಳು. ತುಟಿ ನೀಲಿಯಾಗಿತ್ತು. ಟವೆಲ್ ಹೊದಿಸಿ, ತಡೆಯಲಾರದೆ ಕೇಳಿಯೇ ಬಿಟ್ಟೆ.

"ನಾನ್ ಕೂಗಿದ್ದು ಕೇಳುಸ್ತೇನೇ?"

"ಏನೂ ಕೇಳುಸ್ನಿಲ್ಲ ದೇವಕ್ಕ. ಏನ್ ಕೂಗಿದ್ರಿ?"

ಅಲ್ಲೇ ಇದ್ದ ಮೇಷ್ಟ್ರು ನಾನು ಉತ್ತರ ಕೊಡುವ ಮೊದಲೇ, "ಮೇಲೆ, ಮೇಲೆ ಅಂತ ಕೂಗಿರ್ತಾರೆ, ಇನ್ನೇನು! ಈ ಕಡೆವರ್ಗೂ ಕೇಳಿಸ್ತು ದೇವಮ್ಮ ನಿಮ್ಮ ಗಂಟಲು" ಅಂದರು. ನಾನು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಅವರು ಇವತ್ತಿಗೂ ಸಿಕ್ಕಿದವರಿಗೆಲ್ಲ ಹಾಗೇ ಹೇಳುತ್ತಾರೆ. ಅದು ಸುಳ್ಳು ಎಂದು ಇಲ್ಲಿ ಬರೆದಿದ್ದೇನೆ.

ಹುಡುಗಿ ಬಟ್ಟೆ ಬದಲಾಯಿಸಲು ಹೋದಳು. ಕಾಳೇಗೌಡರು, ಆಯ್ಕೆಯಾಗದಿದ್ದರೆ ಮಗಳ ಪೆಟ್ಟಿಗೆ, ಹಾಸಿಗೆ ಎಲ್ಲ ಶಾಲೆಯಿಂದ ಊರಿಗೆ ಸಾಗಿಸಲೆಂದು ಒಂದು ದೊಡ್ಡ ಖಾಲಿ ಚೀಲ ತಂದಿದ್ದರು. ಅದನ್ನು ನಾಲ್ಕು ಮಡಿಕೆ ಮಾಡಿ ಕಂಕುಳಿಗೆ ಇಟ್ಟುಕೊಂಡು, ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದರು:

"ನಾನ್ ಪಕ್ದಲ್ಲೇ ಇದ್ನಲ್ಲ ಕಣವ್ವ, ನಂಗ್ ಕೇಳುಸ್ತು. ನೀವು ಆಳಕ್ಕೋಗು ಅಂದ್ರಿ, ಅದು ಮ್ಯಾಲೇ ಓಯ್ತು. ಮನೇಲೂ ಅಂಗೇ ಕಣಿ. ಯೋಳಿದ್ ಮಾತು ಒಂದ್ನೂ ಕೇಳಾಕಿಲ್ಲ, ಸದ್ಯ."